ಕ್ರೇನಿನವನ ಕಲ್ಲು

ಆ ಕಟ್ಟಡದ ಕೆಲಸದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗಾರೆಯವರಿಗೆ, ಕಂಬಿ ಕಟ್ಟುವವರಿಗೆ, ಗೇಟಿನ ಕಾವಲುಗಾರನಿಗೆ, ಎಲ್ಲರಿಗೂ ಅವನು 'ಮೇಲಿನವನು'. ಇಟ್ಟಿಗೆ ಇನ್ನೂ ಬಂದಿಲ್ಲವೇ ಎಂದು ಯಾರಾದರೂ ಕೂಗಿದರೆ "ಮೇಲಿನವನು ಮನಸ್ಸು ಮಾಡಬೇಕಲ್ಲಪ್ಪಾ" ಎಂದು ಇನ್ನೊಬ್ಬ ಉತ್ತರ ಕೊಡುತ್ತಿದ್ದ. ಟವರ್ ಕ್ರೇನಿನ ಗಾಜಿನ ಡಬ್ಬಿಯಲ್ಲಿ ಕೂತು, ಎರಡು ಹಿಡಿಕೆ ಆಡಿಸುತ್ತ, ಇಡೀ ಕಟ್ಟಡಕ್ಕೆ ಒಂದೊಂದೇ ತುತ್ತು ಉಣಿಸಿ ಬೆಳೆಸುತ್ತಿರುವವನು ತಾನೇ ಎಂಬ ಜಂಭ ಅವನಿಗೂ ಸ್ವಲ್ಪ ಇತ್ತು. ಇರಲಿ ಬಿಡಿ, ದಿನಾ ಅಷ್ಟೆತ್ತರ ಹತ್ತುವವನಿಗೆ ಅಷ್ಟೂ ಇರಬಾರದೇ?

ಜಂಭದ ಜೊತೆಗೆ ಒಂದು ಮೊಂಡುತನವೂ ಇತ್ತು. ಬೆಳಿಗ್ಗೆ ಏಣಿ ಹತ್ತಿದವನು ಸಂಜೆಯವರೆಗೆ ಇಳಿಯುತ್ತಿರಲಿಲ್ಲ. ನಡುವೆ ಇಳಿದು ಹತ್ತುವಷ್ಟರಲ್ಲಿ ಕೆಳಗೆ ಕೆಲಸವೆಲ್ಲ ನಿಂತು ಸೈಟಿನ ಮ್ಯಾನೇಜರ್ ಗಂಟಲು ಹರಿದುಕೊಳ್ಳುತ್ತಾನೆ. ಬೇರೆ ಕ್ರೇನಿನವರು ಮೇಲೆಯೇ ಒಂದು ಖಾಲಿ ಬಾಟಲಿ ಇಟ್ಟುಕೊಂಡು ಅದರಲ್ಲಿ ಕೆಲಸ ಮುಗಿಸುತ್ತಾರೆ. ಇವನಿಗೆ ಅದು ಅಸಹ್ಯ. ಕೂತು ಊಟ ಮಾಡುವ ಜಾಗದಲ್ಲಿ ಅದೆಲ್ಲ ಮಾಡುವುದುಂಟೇ ಎಂದು ಮೂಗು ಮುರಿಯುತ್ತಿದ್ದ. ಅದಕ್ಕೆ ಅವನು ಕಂಡುಕೊಂಡ ಉಪಾಯ ನೀರನ್ನೇ ಕುಡಿಯದಿರುವುದು. ಗಾಜಿನೊಳಗೆ ಬಿಸಿಲು ಅವನನ್ನು ಬೇಯಿಸುತ್ತಿದ್ದರೂ ಹೆಂಡತಿ ತುಂಬಿಸಿ ಕೊಟ್ಟ ನೀರು ಸಂಜೆ ಹಾಗೇ ಮನೆಗೆ ವಾಪಸ್ಸು ಬರುತ್ತಿತ್ತು.

ಅವಳು ಬಾಯಿ ನೋಯುವಷ್ಟು ಹೇಳಿದಳು. ಇವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ನಿಜ ಹೇಳಬೇಕೆಂದರೆ ಅವಳಿಗೆ ನೀರಿಗಿಂತ ದೊಡ್ಡ ಸಂಕಟ ಆ ಎತ್ತರದ್ದೇ. ಗಾಳಿ ಜೋರಾದ ದಿನ ಬಟ್ಟೆ ಒಣಗಹಾಕಲು ಹೊರಗೆ ಹೋದವಳು ಹಗ್ಗ ತೂಗಾಡುವುದನ್ನು ಕಂಡು ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕೂರುತ್ತಿದ್ದಳು. "ಕೆಳಗೆ ಏನಾದ್ರೂ ಕೆಲಸ ಸಿಗಲ್ವೇನ್ರೀ?" ಎಂದು ಕೇಳುವುದು ಅವಳಿಗೆ ಅಭ್ಯಾಸ. "ಕೆಳಗೆ ನಿಂತು ಏನು ಮಾಡ್ಲಿ, ಮೇಲೆ ನೋಡ್ತಾ ಬಾಯಿ ಬಿಡ್ಲಾ?" ಎನ್ನುವುದು ಅವನಿಗೆ ಅಭ್ಯಾಸ.

ಕೆಳಗೆ ನಿಂತು ಮೇಲೆ ನೋಡುವ ಕೆಲಸ ಅವಳ ತಮ್ಮನದು. ಈ ಭಾಮೈದನಿಗೆ ಓದು ತಲೆಗೆ ಹತ್ತಲಿಲ್ಲ, ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಭಾವನೇ ಕೈಹಿಡಿದು ಕರೆತಂದು ಸಿಗ್ನಲ್ ಕೊಡುವ ಕೆಲಸಕ್ಕೆ ಸೇರಿಸಿದ. ಉಪ್ಪಿನ ಡಬ್ಬಿಗೆ ದಾರ ಕಟ್ಟಿ ಊಟದ ಮೇಜಿನ ಮೇಲೆ ತೂಗಾಡಿಸುತ್ತ ಸನ್ನೆಗಳನ್ನು ಕಲಿಸಿದ. ಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು, ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು, ಅಂಗೈ ಕೆಳಗೆ ಮಾಡಿ ತೋಳು ಬೀಸಿದರೆ ನಿಲ್ಲಿಸು. ಉಪ್ಪು ಚೆಲ್ಲಿದಾಗಲೆಲ್ಲ ಅಕ್ಕ ಬೈಯುತ್ತಿದ್ದಳು, ತಮ್ಮ ನಗುತ್ತಿದ್ದ. ನಡುವೆ ಒಂದಷ್ಟು ಕಾಲ ಬೇರೆ ಊರಿನ ಕಟ್ಟಡವೊಂದಕ್ಕೆ ಹೋಗಿಬಂದ ಮೇಲೆ ತನಗೂ ಕ್ರೇನ್ ನಡೆಸುವ ಆಸೆಯಾಗಿದೆ ಎಂದ. ಭಾವ ರಜೆಯ ದಿನಗಳಲ್ಲಿ ಅವನನ್ನು ಮೇಲೆ ಹತ್ತಿಸಿ, ಪಕ್ಕದಲ್ಲಿ ನಿಂತು ಕಲಿಸಿ, ಲೈಸೆನ್ಸೂ ಕೊಡಿಸಿದ. ತನ್ನ ಮಗನಿಗೇ ಕಲಿಸಿದಷ್ಟು ಖುಷಿ ಅವನಿಗೆ ಆಗ.

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಲಿನವನಿಗೆ ಎಲ್ಲವೂ ಕಾಣುತ್ತದೆ ಎಂದು ಕೆಳಗಿನವರು ತಿಳಿದುಕೊಂಡಿರುತ್ತಾರೆ. ಹಾಗೇನೂ ಇಲ್ಲ. ಗೋಡೆಯ ಆಚೆ, ಲಿಫ್ಟಿನ ಗುಂಡಿಯೊಳಗೆ, ಕಟ್ಟಡದ ಹಿಂಬದಿ, ಹೀಗೆ ಅವನ ಕಣ್ಣಿಗೆ ಬೀಳದ ಜಾಗಗಳೇ ಬೇಕಾದಷ್ಟು. ಅಂಥ ಕಡೆ ಸಾಮಾನು ಇಳಿಸುವಾಗ ಅವನು ಸಿಗ್ನಲ್ ಕೊಡುವವನ ಕೈಯನ್ನಷ್ಟೇ ನೋಡಬೇಕು. ತನ್ನ ಊಹೆ ಏನೇ ಹೇಳಲಿ, ಕೈ ನಿಲ್ಲಿಸು ಅಂದರೆ ನಿಲ್ಲಿಸಬೇಕು. ಇಷ್ಟು ವರ್ಷ ಭಾಮೈದನ ಕೈ ಒಂದು ಸಲವೂ ತಪ್ಪು ಹೇಳಿರಲಿಲ್ಲ. ಆ ಕೈಯನ್ನು ನಂಬುವುದು ಅವನಿಗೆ ಉಸಿರಾಡಿದಷ್ಟು ಸಲೀಸಾಗಿತ್ತು, ನಂಬುತ್ತಿದ್ದೇನೆ ಎಂಬ ಅರಿವೂ ಇಲ್ಲದಷ್ಟು.

ನೋವು ಬಂದದ್ದು ಕಂಬಿಯ ಕಟ್ಟೊಂದು ಗಾಳಿಯಲ್ಲಿ ನೇತಾಡುತ್ತಿರುವಾಗ. ಬೆನ್ನಿನ ಎಡಗಡೆ ಯಾರೋ ಕೈಹಾಕಿ ತಿರುಚಿದಂತಾಗಿ, ಅದು ಹೊಟ್ಟೆ ಸುತ್ತಿಕೊಂಡು ತೊಡೆಯ ಸಂದಿಗೆ ಇಳಿಯಿತು. ಕಣ್ಣಿಗೆ ಕತ್ತಲೆ ಕಟ್ಟಿತು. ಹಲ್ಲು ಕಚ್ಚಿಕೊಂಡು, ಕೆಳಗಿನ ಹಳದಿ ಜಾಕೆಟ್ಟಿನ ಕೈಯನ್ನು ಬಿಟ್ಟು ಬೇರೇನನ್ನೂ ನೋಡದೆ ಕಂಬಿಯನ್ನು ನೆಲಕ್ಕೆ ಮುಟ್ಟಿಸಿದ. ಆಮೇಲೆ ಅಲ್ಲೇ ಮುದುರಿ ಕೂತು ವಾಂತಿ ಮಾಡಿಕೊಂಡ. ಬಾಟಲಿಗೆ ಅಸಹ್ಯಪಟ್ಟುಕೊಂಡವನ ಗತಿ ನೋಡಿ. ಏಣಿ ಹತ್ತಿ ಬಂದು, ಸೊಂಟಕ್ಕೆ ಬೆಲ್ಟು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಅವನನ್ನು ಇಳಿಸಿದವನು ಭಾಮೈದನೇ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕಲ್ಲಿನ ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿಕೊಂಡು ಪರದೆಯ ಮೇಲಿನ ಬಿಳಿ ಚುಕ್ಕಿಯನ್ನು, ಮೂತ್ರಪಿಂಡದೊಳಗಿನ ಕಲ್ಲನ್ನು, ತೋರಿಸಿದರು. ವಾರ್ಡಿನವರೆಲ್ಲ ಅವರನ್ನು ಕಲ್ಲಿನ ಡಾಕ್ಟರಮ್ಮ ಎಂದೇ ಕರೆಯುವುದು. ಮಾತು ಕಡಿಮೆ, ಕೈಯಲ್ಲಿ ಪೆನ್ನು ಸದಾ. ಒಂದು ಕಾಗದದ ಮೇಲೆ ಮೂತ್ರಪಿಂಡದ ಚಿತ್ರ ಬರೆದರು.

"ನೋಡಿ, ಇದನ್ನ ತೆಗೆಯೋಕೆ ಹೊಟ್ಟೆ ಕೊಯ್ಯೋ ಕಾಲ ಹೋಯ್ತು. ಈಗ ಮೂರು ದಾರಿ ಇದೆ. ಒಂದು, ಹೊರಗಿಂದ ಶಬ್ದದ ಅಲೆ ಹಾಯಿಸಿ ಒಡೆಯೋದು. ಕೊಯ್ಯೋದಿಲ್ಲ, ಒಳಗೆ ಏನೂ ಹಾಕೋದಿಲ್ಲ. ಮಲಗಿಸಿ ಹೊಡೀತೀವಿ, ಅವತ್ತೇ ಮನೆಗೆ ಹೋಗಬಹುದು. ಚೂರು ಮೂತ್ರದಲ್ಲಿ ತಾನಾಗೇ ಹೋಗಬೇಕು. ಎರಡು, ಮೂತ್ರದ ದಾರೀಲೇ ಸಣ್ಣ ದುರ್ಬೀನು ಕಳಿಸಿ ಲೇಸರ್‌ನಲ್ಲಿ ಪುಡಿ ಮಾಡೋದು. ಅದಕ್ಕೆ ಅರಿವಳಿಕೆ ಬೇಕು, ಒಳಗೊಂದು ನಳಿಕೆ ಬಿಟ್ಟಿರ್ತೀವಿ, ಸ್ಟೆಂಟ್ ಅಂತಾರೆ. ಸ್ವಲ್ಪ ದಿನ ಕಿರಿಕಿರಿ ಇರತ್ತೆ, ಆಮೇಲೆ ತೆಗೀತೀವಿ. ಮೂರು, ಬೆನ್ನಲ್ಲಿ ಸಣ್ಣ ತೂತು ಮಾಡಿ ನೇರ ಒಳಗೆ ಹೋಗೋದು. ದೊಡ್ಡ ಕಲ್ಲಿಗೆ ಅದು ಒಳ್ಳೇದು. ನಿಮ್ಮದಕ್ಕೆ ಅಷ್ಟು ಬೇಕಾಗಿಲ್ಲ."

"ಹಾಗಾದ್ರೆ ಮೊದಲಿನದೇ ಸಾಕಲ್ಲ ಮೇಡಂ?" ಎಂದು ಕೇಳಿದವನು ಪಕ್ಕದಲ್ಲಿ ಕೂತ ಭಾಮೈದ.

ಡಾಕ್ಟರಮ್ಮ ಅವನ ಕಡೆ ನೋಡದೆ ರೋಗಿಗೇ ಹೇಳಿದರು. "ಕಲ್ಲು ಗಟ್ಟಿ ಜಾತಿಯದ್ದು. ಕೂತಿರೋದು ಮೂತ್ರಪಿಂಡದ ಕೆಳಗಿನ ಮೂಲೇಲಿ. ಒಡೆದ್ರೂ ಪುಡಿ ಮೇಲಕ್ಕೆ ಹತ್ತಿ ಆಮೇಲೆ ಇಳಿದು ಹೊರಗೆ ಬರಬೇಕು. ಎತ್ತಿ ಹಾಕೋಕೆ ಒಳಗೆ ನಿಮ್ಮ ಥರ ಕ್ರೇನಿನವರು ಯಾರೂ ಇಲ್ಲ. ಎರಡು ಮೂರು ಸಲ ಹೊಡೀಬೇಕಾಗಬಹುದು, ಆದ್ರೂ ಉಳೀಬಹುದು. ಒಂದ್ಸಲ ನೋಡೋಣ ಅಂದ್ರೆ ತಪ್ಪಲ್ಲ. ನನ್ನ ಕೇಳಿದ್ರೆ ಲೇಸರ್ ಅಂತೀನಿ. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲು ಇನ್ನೊಂದು ಸಂಗತಿಯೂ ಇತ್ತು. ಕಲ್ಲಿರುವವನನ್ನು ಕ್ರೇನಿಗೆ ಹತ್ತಿಸುವುದಿಲ್ಲ ಎಂಬುದು ಸೈಟಿನ ಕಟ್ಟುನಿಟ್ಟು. ಮ್ಯಾನೇಜರ್ ಅವನನ್ನು ನೋಡಲು ಬಂದಾಗ ಬಿಡಿಸಿ ಹೇಳಿದ: "ಚಾವಣಿ ಕೆಲಸ ಶುರುವಾಗೋದ್ರೊಳಗೆ ಕಲ್ಲಿಲ್ಲ ಅಂತ ಡಾಕ್ಟರ ಚೀಟಿ ತಗೊಂಡು ಬನ್ನಿ. ಸೀಟು ನಿಮ್ಮದೇ. ಶುರುವಾದ ಮೇಲೆ ಕೈ ಬದಲಾಯಿಸೋಕೆ ಆಗಲ್ಲ, ಅದು ನಿಮಗೂ ಗೊತ್ತು." ಗೊತ್ತಿತ್ತು. ಚಾವಣಿಯ ಉಕ್ಕಿನ ತೊಲೆಗಳೇ ಆ ಕಟ್ಟಡದಲ್ಲಿ ಅತಿ ಕಷ್ಟದ ಕೆಲಸ, ಅದನ್ನು ಮುಗಿಸಿದವನಿಗೇ ಮುಂದಿನ ಕಟ್ಟಡದ ದೊಡ್ಡ ಕ್ರೇನು. ಬುಡದಿಂದ ಆ ಕಟ್ಟಡವನ್ನು ಎತ್ತಿದವನು ತುದಿಯನ್ನೂ ತಾನೇ ಮುಚ್ಚಬೇಕೆಂದು ಆಸೆಪಡುವುದು ಅತಿಯಾಸೆಯೇನೂ ಅಲ್ಲ. ಅಲ್ಲಿಯವರೆಗೆ ಸೀಟಿನಲ್ಲಿ ತಾತ್ಕಾಲಿಕವಾಗಿ ಕೂರಲು ಯಾರಿದ್ದಾರೆ ಎಂದಾಗ ಭಾವನೇ ಮುಂದೆ ಬಿದ್ದು ಭಾಮೈದನ ಹೆಸರು ಹೇಳಿದ.

ಆಸ್ಪತ್ರೆಯ ಹೊರಗಿನ ಚಹಾದಂಗಡಿಯಲ್ಲಿ ಭಾಮೈದ ಲೋಟ ತಿರುಗಿಸುತ್ತ ಕೂತ.

"ಭಾವ, ಲೇಸರ್ ಅಂದ್ರೆ ಒಳಗೆ ನಳಿಕೆ. ನಳಿಕೆ ಇಟ್ಕೊಂಡು ಏಣಿ ಹತ್ತೋಕಾಗತ್ತಾ? ಅದು ತೆಗೆಯೋವರೆಗೂ ಮ್ಯಾನೇಜರ್ ನಿಮ್ಮನ್ನ ಹತ್ರಕ್ಕೂ ಬಿಡಲ್ಲ. ಹೊರಗಿಂದ ಹೊಡೆಸ್ಕೊಳ್ಳಿ. ಹೋದ ವರ್ಷ ಬೇರೆ ಊರಿನ ಕೆಲಸದಲ್ಲಿದ್ದಾಗ ನನಗೂ ಇದೇ ಆಗಿತ್ತಲ್ಲ? ಒಂದೇ ಸಲ. ಮಲಗಿದೆ, ಟಕ್ ಟಕ್ ಅಂತ ಹೊಡೆದ್ರು, ಎದ್ದು ಬಂದೆ. ವಾರದಲ್ಲಿ ಮರಳಿನ ಥರ ಹೋಗೇ ಬಿಡ್ತು."

"ಡಾಕ್ಟರಮ್ಮ ಗಟ್ಟಿ ಕಲ್ಲು ಅಂದ್ರಲ್ಲೋ."

"ನಂದೂ ಗಟ್ಟೀನೇ ಅಂದಿದ್ರು ಭಾವ. ಅವರು ಹೇಳೋದು ಹಾಗೇ. ದುರ್ಬೀನು ಕಲಿತವರಿಗೆ ಎಲ್ಲರ ಒಳಗೂ ಹೋಗಿ ನೋಡೋ ಚಪಲ."

ಭಾವ ಜೋರಾಗಿ ನಕ್ಕ. ನಕ್ಕಿದ್ದರಿಂದ ಬೆನ್ನು ಚುಳುಕ್ ಎಂದಿತು. ತನ್ನ ಹೊಟ್ಟೆಯೊಳಗೆ ಏನಿದೆ ಎಂದು ತನಗೆ ಕಾಣುವುದಿಲ್ಲ. ಕಾಣದ ಕಡೆ ಯಾರ ಕೈ ನೋಡಿ ಅಭ್ಯಾಸವೋ ಅವನ ಕಡೆಗೇ ಕಣ್ಣು ತಾನಾಗಿ ಹೋಯಿತು. ಕಲಿತು ಬಂದ ಡಾಕ್ಟರ ಮಾತನ್ನು ಪಕ್ಕಕ್ಕಿಟ್ಟು ಸಿಗ್ನಲ್ ಕೊಡುವವನ ಮಾತನ್ನು ತಲೆಯ ಮೇಲಿಟ್ಟುಕೊಳ್ಳುವ ದಡ್ಡತನ ಬೇರೆ ಯಾರೂ ಮಾಡಲಾರರು, ಕ್ರೇನಿನವನು ಮಾಡಿದ.

ಆದರೂ ಅವನು ಮನೆಯಲ್ಲಿ ಒಂದು ಮಾತು ಕೇಳಿದ. ಹೆಂಡತಿ ಒಲೆಯ ಮುಂದೆ ನಿಂತಿದ್ದಳು.

"ಲೇ, ನಿನ್ ತಮ್ಮಂಗೆ ಆಗ ಒಂದೇ ಸಲಕ್ಕೆ ಹೋಯ್ತಾ? ಹೊರಗಿಂದ ಹೊಡೆಸಿದ್ದಕ್ಕೇ?"

ಅವಳು ಪಾತ್ರೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. "ಅವನೇ ಹೇಳಿದಾನಲ್ಲ," ಎಂದಳು.

ಅಷ್ಟೇ. ಅವನಿಗೆ ಅಷ್ಟೇ ಸಾಕಾಗಿತ್ತು.

ಹೊಡೆಸಿಕೊಳ್ಳುವ ದಿನ ನೀರು ತುಂಬಿದ ಮೆತ್ತೆಯಂಥದ್ದರ ಮೇಲೆ ಬೆನ್ನು ಒತ್ತಿಸಿ ಮಲಗಿಸಿದರು. ಯಂತ್ರ ಟಕ್ ಟಕ್ ಎನ್ನತೊಡಗಿತು. ಒಳಗಿಂದ ಯಾರೋ ಬೆರಳು ಮಡಚಿ ಬಾಗಿಲು ತಟ್ಟಿದಂತೆ ಅನ್ನಿಸಿತು. ಸಹಿಸಬಹುದಾದ ನೋವು. ಸಂಜೆ ಮನೆಗೆ ಬಂದ. ಚೂರುಗಳು ಬಂದರೆ ಹಿಡಿದು ತರಬೇಕೆಂದು ಹೇಳಿದ್ದರಿಂದ ಹಳೆಯ ಚಹಾ ಸೋಸುವ ಜರಡಿಯೊಂದು ಬಚ್ಚಲಿಗೆ ವರ್ಗವಾಯಿತು. ಹೆಂಡತಿ ಅದಕ್ಕೆ ಕೆಂಪು ದಾರ ಕಟ್ಟಿದಳು, ಅಪ್ಪಿತಪ್ಪಿ ಅಡುಗೆಮನೆಗೆ ಬಂದರೆ ಏನು ಗತಿ ಎಂದು. ಬಂದದ್ದು ಸ್ವಲ್ಪ ಪುಡಿ. ಅದನ್ನು ಅವನು ಮುತ್ತು ಸಿಕ್ಕಿದವನ ಹಾಗೆ ಬೆಳಕಿಗೆ ಹಿಡಿದು ನೋಡಿದ. ಮತ್ತೆ ಸ್ಕ್ಯಾನ್ ಮಾಡಿದಾಗ ಕಲ್ಲಿನ ಒಂದು ಮೂಲೆ ಮಾತ್ರ ಮುರಿದಿತ್ತು.

"ಇನ್ನೊಂದ್ಸಲ ನೋಡಿ ಭಾವ," ಎಂದ ಭಾಮೈದ. "ಅರ್ಧ ಕೆಲಸ ಆಗಿದೆ, ಈಗ ಬಿಟ್ರೆ ನಷ್ಟ."

ಇನ್ನೊಂದು ಸಲ ಆಯಿತು. ವಾರಗಳು ಜಾರಿದವು. ಅವನು ಈಗ ಹಗಲಿಡೀ ನೀರು ಕುಡಿಯುತ್ತಿದ್ದ, ಹಗಲಿಡೀ ಬಚ್ಚಲಿಗೆ ಓಡುತ್ತಿದ್ದ, ಮಿಕ್ಕ ಹೊತ್ತು ಕಿಟಕಿಯಲ್ಲಿ ನಿಂತು ದೂರದ ಕ್ರೇನಿನ ಉದ್ದ ತೋಳು ತಿರುಗುವುದನ್ನು ನೋಡುತ್ತಿದ್ದ. ಮೊದಮೊದಲು ಅದು ಎಡವುತ್ತ ತಿರುಗುತ್ತಿತ್ತು. ಬರಬರುತ್ತ ನಯವಾಯಿತು. ತಾನು ಕಲಿಸಿದ್ದು ಚೆನ್ನಾಗಿ ಹತ್ತಿದೆ ಎಂದು ಅವನಿಗೆ ಹೆಮ್ಮೆಯೇ ಆಯಿತು. ಸಂಜೆ ಸಂಜೆ ಭಾಮೈದ ಬಂದು ಸೈಟಿನ ಸುದ್ದಿ ಹೇಳಿ ಹೋಗುತ್ತಿದ್ದ, ಭಾವನ ಸೀಟಿಗೆ ತಾನು ಬರೀ ಕಾವಲು ಎನ್ನುತ್ತಿದ್ದ. ಹೆಂಡತಿ ಇತ್ತೀಚೆಗೆ ಲವಲವಿಕೆಯಿಂದ ಇದ್ದಳು. ಗಾಳಿ ಬೀಸಿದ ದಿನವೂ ಬಟ್ಟೆ ಒಣಗಹಾಕಿ ಹಾಡಿಕೊಳ್ಳುತ್ತ ಒಳಗೆ ಬರುತ್ತಿದ್ದಳು. ಗಂಡ ಮನೆಯಲ್ಲಿರುವುದು ಅವಳಿಗೆ ಹಿಡಿಸಿದೆ ಎಂದುಕೊಂಡು ಅವನೂ ಒಳಗೊಳಗೇ ಸುಖಪಟ್ಟ. ಪಾಪ.

ಎರಡನೆಯ ಹೊಡೆತಕ್ಕೆ ಮುರಿದ ಚೂರೊಂದು ಇಳಿಯುವ ದಾರಿಯಲ್ಲಿ ಅಡ್ಡ ಸಿಕ್ಕಿಕೊಂಡಿತು. ಮೊದಲಿನ ನೋವು ಏನೂ ಅಲ್ಲ ಎನ್ನುವಂಥ ನೋವು, ಜೊತೆಗೆ ಚಳಿಜ್ವರ. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೊದಲು ಒಂದು ನಳಿಕೆ ಹಾಕಿ ಮೂತ್ರಕ್ಕೆ ದಾರಿ ಮಾಡ್ತೀನಿ, ಜ್ವರ ಇಳಿಯಲಿ. ಆಮೇಲೆ ಲೇಸರ್‌ನಲ್ಲಿ ಎಲ್ಲಾ ತೆಗೆದುಬಿಡೋಣ. ಇನ್ನು ಹೊರಗಿಂದ ಹೊಡೆಯೋ ಮಾತು ಬೇಡ," ಎಂದರು.

ನಳಿಕೆ ಹಾಕಿ ಜ್ವರ ಇಳಿದು ಅವನು ದಿಂಬಿಗೆ ಒರಗಿ ಕೂತಿದ್ದ ಮಧ್ಯಾಹ್ನ ಅತ್ತೆ ಬಂದರು. ಹೆಂಡತಿಯ ತಾಯಿ. ಒಳ್ಳೆಯ ಮನಸ್ಸು, ಬಾಯಿಗೆ ಬಾಗಿಲು ಇಲ್ಲ. ಬಂದವರೇ ಬಾರ್ಲಿ ನೀರಿನ ಫ್ಲಾಸ್ಕು ತೆರೆದು, ಲೋಟ ತುಂಬಿಸಿ ಅಳಿಯನ ಕೈಗಿಟ್ಟು, ಪಕ್ಕದ ಹಾಸಿಗೆಯವರ ಕ್ಷೇಮವನ್ನೂ ವಿಚಾರಿಸಿ, ಕುರ್ಚಿ ಎಳೆದುಕೊಂಡರು.

"ನೀವೇನೂ ಹೆದರ್ಕೋಬೇಡಿ ಅಳಿಯಂದ್ರೇ. ನಮ್ಮ ಹುಡುಗಂಗೂ ಥೇಟ್ ಹೀಗೇ ಆಯ್ತಲ್ಲ. ಎರಡು ಸಲ ಹೊಡೆಸಿದ್ರು, ಜಪ್ಪಯ್ಯ ಅಂದ್ರೂ ಹೋಗ್ಲಿಲ್ಲ. ಆಮೇಲೆ ಚೂರು ಸಿಕ್ಕಿ ಹಾಕ್ಕೊಂಡು ಹೊರಳಾಡಿಬಿಟ್ಟ. ನಾನೇ ಹೋಗಿ ತಿಂಗಳುಗಟ್ಟಲೆ ಇದ್ದೆ ಅಲ್ಲಿ. ಕೊನೆಗೆ ಹೋಗಿದ್ದು ಲೇಸರ್‌ನಲ್ಲೇ. 'ಅಮ್ಮ, ಮೊದಲೇ ಇದನ್ನ ಮಾಡಿಸ್ಕೊಂಡಿದ್ರೆ ಇಷ್ಟು ದಿನ ಹಾಳಾಗ್ತಿರ್ಲಿಲ್ಲ' ಅಂತ ಎಷ್ಟು ಸಲ ಪೇಚಾಡಿದ! ಅದು ನೆನಪಿದ್ದೇ ನಾನು ಇವಳಿಗೆ ಫೋನಲ್ಲಿ ಹೇಳಿದ್ದೆ, ಅಳಿಯಂದ್ರಿಗೆ ನೇರ ಲೇಸರ್ ಮಾಡಿಸಮ್ಮ ಅಂತ."

ಅವನ ಕೈಯ ಲೋಟ ಬಾಯಿಯ ಹತ್ತಿರ ಬಂದು ನಿಂತಿತು. ಹೆಂಡತಿಯ ಕಡೆ ನೋಡಿದ. ಅವಳು ಹೊದಿಕೆಯ ಅಂಚನ್ನು ಸರಿಮಾಡುತ್ತಿದ್ದಳು, ಸರಿಯಾಗಿಯೇ ಇದ್ದ ಅಂಚನ್ನು. ಅತ್ತೆಯ ಮಾತು ಆಗಲೇ ಬೇರೆ ಯಾರದೋ ಮೊಣಕಾಲು ನೋವಿನ ಕಡೆ ಹೊರಳಿತ್ತು. ಅವರಿಗೆ ತಾವು ಏನು ಹೇಳಿದೆವೆಂಬುದೇ ಗೊತ್ತಾಗಲಿಲ್ಲ.

ಅತ್ತೆ ಹೋದ ಮೇಲೆ ಅವನು ಹೇಳಿದ. "ನಿಂಗೆ ಗೊತ್ತಿತ್ತು."

ಅವಳು ಹೊದಿಕೆಯ ಅಂಚು ಬಿಟ್ಟಳು. "ಅವನು ಹೇಳಬೇಡ ಅಂದ. 'ಅಕ್ಕ, ಇದರಲ್ಲಾದ್ರೆ ಭಾವ ಸ್ವಲ್ಪ ದಿನ ಜಾಸ್ತಿ ಕೆಳಗಿರ್ತಾರೆ, ಅಷ್ಟರಲ್ಲಿ ನನ್ನ ಕೈ ಕುದುರತ್ತೆ, ನಿಂಗೂ ನಿಶ್ಚಿಂತೆ' ಅಂದ. ನೀವು ಕೆಳಗಿರ್ತೀರಲ್ಲ ಅನ್ನೋದೊಂದೇ ನಂಗೆ ಕೇಳಿಸಿದ್ದು. ಇಷ್ಟು ನರಳ್ತೀರಿ ಅಂತ ನಾನು ಅಂದ್ಕೊಳ್ಳಲಿಲ್ಲ ರೀ. ನೀವು ಆ ಡಬ್ಬಿಯಲ್ಲಿ ಕೂತಿರೋ ಒಂದೊಂದು ದಿನವೂ ನಾನು ಸತ್ತು ಬದುಕ್ತೀನಿ. ಅದು ನಿಮಗೆ ಯಾವತ್ತಾದ್ರೂ ಗೊತ್ತಾಗಿತ್ತಾ?"

ಅವಳು ಅತ್ತಳು. ಅಳು ಸುಳ್ಳಲ್ಲ, ಹೆದರಿಕೆಯೂ ಸುಳ್ಳಲ್ಲ. ಅದಕ್ಕೇ ಅವನಿಗೆ ಬಾಯಿ ತುಂಬ ಬೈಯಲೂ ಆಗಲಿಲ್ಲ. ಹೊರಗಿನವರು ಮೋಸ ಮಾಡಿದರೆ ಜಗಳವಾಡಿ ಎದೆ ಹಗುರ ಮಾಡಿಕೊಳ್ಳಬಹುದು. ದಿನಾ ನೀರು ತುಂಬಿಸಿ ಕೊಟ್ಟವಳ ಜೊತೆ ಹೇಗೆ ಜಗಳವಾಡುವುದು? ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅಕ್ಕ ತಮ್ಮ ಇಬ್ಬರೂ ಅಡುಗೆಮನೆಯಲ್ಲಿ ನಿಂತು ತನ್ನ ಬಗ್ಗೆ, ತನ್ನ ಬೆನ್ನು ನೋವಿನ ಬಗ್ಗೆ, ಯಾವುದೋ ಸಾಮಾನಿನ ಬಗ್ಗೆ ಮಾತಾಡಿದ ಹಾಗೆ ಮಾತಾಡಿ ಮುಗಿಸಿದ್ದಾರೆ ಎಂಬ ಯೋಚನೆ ಬಂದು ಮೈಯೆಲ್ಲ ಉರಿಯಿತು.

"ಅವನನ್ನ ಬೀದಿಗೆ ಎಳೀಬೇಡಿ," ಎಂದಳು ಅವಳು ಹಿಂದಿನಿಂದ. "ಮ್ಯಾನೇಜರಿಗೆ ಹೇಳಿದ್ರೆ ಅವನ ಅನ್ನ ಹೋಗತ್ತೆ. ಎಷ್ಟಾದ್ರೂ ನನ್ನ ತಮ್ಮ."

ತಾನು ಎಷ್ಟಾದರೂ ಅವಳಿಗೆ ಏನು ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯಿತು.

ಲೇಸರ್ ಆಯಿತು. ಡಾಕ್ಟರಮ್ಮ ಮೊದಲ ದಿನ ಹೇಳಿದ್ದು ಒಂದಕ್ಷರವೂ ತಪ್ಪಲಿಲ್ಲ. ಒಂದೇ ಸಲಕ್ಕೆ ಕಲ್ಲು ಹಿಟ್ಟಾಯಿತು. ನಳಿಕೆ ಇದ್ದಷ್ಟು ದಿನ ಒಳಗೆ ಇರುವೆ ಹರಿದಂತೆ ಕಿರಿಕಿರಿ, ಅದನ್ನು ತೆಗೆದ ಮೇಲೆ ಅದೂ ಇಲ್ಲ. ಮತ್ತೆ ಸ್ಕ್ಯಾನ್ ಮಾಡಿ, ಕಲ್ಲಿಲ್ಲ ಎಂದು ಚೀಟಿ ಬರೆದುಕೊಟ್ಟರು. "ಮೇಲೆ ಹತ್ತಬಹುದಾ?" ಎಂದು ಕೇಳಿದ. "ನೀರು ಕುಡಿಯೋದಾದ್ರೆ ಹತ್ತಿ," ಎಂದರು ಅವರು. ಬಾಟಲಿ ವಿಚಾರದಲ್ಲಿ ಇನ್ನು ಮುಂದೆ ಮಡಿವಂತಿಕೆ ಬೇಡ ಎಂದು ಅವನು ಆಗಲೇ ತೀರ್ಮಾನಿಸಿದ್ದ. ಅಂದರೆ ನೋಡಿ, ಇಷ್ಟೆಲ್ಲ ಆದ ಮೇಲೂ ಆಸೆ ಸತ್ತಿರಲಿಲ್ಲ. ಚಾವಣಿ ಕೆಲಸ ಏನಾದರೂ ಕಾರಣಕ್ಕೆ ತಡವಾಗಿರಬಹುದು, ಸಿಮೆಂಟು ಬಂದಿರಲಿಕ್ಕಿಲ್ಲ, ತೊಲೆ ಬಂದಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದ.

ಗೇಟಿನಲ್ಲಿ ನಿಂತು ಮೇಲೆ ನೋಡಿದ. ಚಾವಣಿಯ ತೊಲೆಗಳು ಆಗಲೇ ಸಾಲಾಗಿ ಕೂತಿದ್ದವು.

ಮ್ಯಾನೇಜರ್ ಚೀಟಿ ಓದಿ, ಭುಜ ತಟ್ಟಿ, ಒಳ್ಳೆಯ ಮಾತಾಡಿದ. "ನಿಮ್ಮನ್ನ ಬಿಡೋ ಪ್ರಶ್ನೆಯೇ ಇಲ್ಲ. ಆದ್ರೆ ಸೀಟು ಈಗ ಬದಲಾಯಿಸೋಕಾಗಲ್ಲ, ನಾನು ಮೊದಲೇ ಹೇಳಿದ್ದೆ. ಮುಂದಿನ ಕಟ್ಟಡಕ್ಕೂ ಕಂಪನಿಯವರು ಅವನನ್ನೇ ಬರ್ಕೊಂಡಿದಾರೆ. ನೀವು ಕೆಳಗೆ ನಿಂತು ಸಿಗ್ನಲ್ ಕೊಡಿ. ಅವನೇ ಕೇಳಿದ್ದು, ಭಾವ ಬಂದ್ರೆ ಅವರನ್ನೇ ಹಾಕಿ ಅಂತ. ಎಷ್ಟು ಅಭಿಮಾನ ನೋಡಿ ಹುಡುಗಂಗೆ!"

ಭಾಮೈದನನ್ನು ಆ ಸೀಟಿನಿಂದ ಇಳಿಸಲು ಅವನದೊಂದು ಮಾತು ಸಾಕಿತ್ತು. ಹೆಂಡತಿಯ ಮುಖ ಕಣ್ಣ ಮುಂದೆ ಬಂದು ಆ ಮಾತನ್ನು ನುಂಗಿಕೊಂಡ.

ಭಾವ ಬಂದಿದ್ದಾನೆಂದು ಯಾರೋ ಫೋನಿನಲ್ಲಿ ಹೇಳಿರಬೇಕು. ಭಾಮೈದ ನಡುಹಗಲಿನಲ್ಲಿ ಏಣಿ ಇಳಿದು ಓಡಿ ಬಂದ. ಮೇಲಿನ ಬಿಸಿಲಿಗೆ ಮುಖ ಕಪ್ಪಾಗಿತ್ತು, ಆದರೆ ನಗು ಅದೇ. ದಾರಿಯಲ್ಲಿ ಗಾರೆಯವನೊಬ್ಬ "ಏನಪ್ಪಾ, ಮೇಲಿನವನು ಕೆಳಗಿಳಿದುಬಿಟ್ಟ" ಎಂದು ಕೂಗಿದ. ಹೇಳಿದ್ದು ಭಾಮೈದನಿಗೆ. ಹೆಸರೂ ಕೈ ಬದಲಾಯಿಸಿತ್ತು.

ಭಾಮೈದ ಕೈಯಲ್ಲಿದ್ದ ಹಳದಿ ಜಾಕೆಟ್ಟನ್ನು ಮುಂದೆ ಚಾಚಿದ. "ನಿಮಗೋಸ್ಕರ ಹೊಸದು ಕೇಳಿ ಇಟ್ಟಿದ್ದೆ ಭಾವ. ಈಗಿರೋನ ಕೈ ನೋಡಿದ್ರೆ ನಂಗೆ ಜೀವ ಬಾಯಿಗೆ ಬರತ್ತೆ. ಮೊನ್ನೆ ತೊಲೆ ಗೋಡೆಗೆ ತಾಗೇ ಬಿಡ್ತಿತ್ತು. ಹಿಂದಿನ ಕಡೆ ಒಂದೂ ಕಾಣಲ್ಲ ಅಂತ ನಿಮಗೇ ಗೊತ್ತಲ್ಲ. ನೀವು ನಿಂತ್ರೆ ನಾನು ಕಣ್ಣು ಮುಚ್ಕೊಂಡು ಇಳಿಸ್ತೀನಿ."

"ನಿಂಗೆ ಒಂದೇ ಸಲಕ್ಕೆ ಹೋಯ್ತು ಅಂದಿದ್ದೆಯಲ್ಲ," ಎಂದ ಭಾವ.

ಜಾಕೆಟ್ ಹಿಡಿದ ಕೈ ಹಾಗೇ ನಿಂತಿತು. "ಅಮ್ಮ ಹೇಳಿದ್ಲಾ?"

"ಯಾರು ಹೇಳಿದ್ರೇನು?"

ಭಾಮೈದ ಸುತ್ತ ನೋಡಿ ದನಿ ತಗ್ಗಿಸಿದ. "ನಿಮಗೆ ಕೇಡು ಬಯಸ್ಲಿಲ್ಲ ಭಾವ. ನಂಗೆ ಹೊಡೆಸಿದಾಗ ಉಪಯೋಗ ಆಗ್ಲಿಲ್ಲ, ಅಷ್ಟೇ. ನಿಮಗೂ ಆಗಲ್ಲ, ಒಂದೆರಡು ತಿಂಗಳು ಸಿಗತ್ತೆ, ನನ್ನ ಕೈ ಪಳಗತ್ತೆ ಅಂದ್ಕೊಂಡೆ. ಆಮೇಲೆ ನಿಮ್ಮ ಸೀಟು ನಿಮಗೇ ಅಂತಿದ್ದೆ. ಕಂಪನಿಯವರು ಬರ್ಕೋತಾರೆ ಅಂತ ನಾನೇನು ಕನಸು ಕಂಡಿದ್ನಾ? ಬಾಯಿಬಿಟ್ಟು ಕೇಳಿದ್ರೆ ನೀವು ಕೊಡ್ತಿದ್ರಾ?"

"ಕೊಡ್ತಿದ್ದೆ ಕಣೋ."

ಹೇಳಿಬಿಟ್ಟ ಮೇಲೆ, ಅದು ನಿಜವೋ ಅಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಅವಕಾಶವನ್ನೂ ಇವನು ಕಿತ್ತುಕೊಂಡಿದ್ದ.

"ಸರಿ," ಎಂದ. "ನಾನು ಕೆಳಗೆ ನಿಲ್ತೀನಿ ಅಂತಿಟ್ಕೋ. ಆ ಗೋಡೆ ಹಿಂದೆ ತೊಲೆ ಇಳಿಸ್ತಿರ್ತೀಯ. ನಾನು ಬೇಕು ಅಂತಲೇ ತಪ್ಪು ಕೈ ತೋರಿಸಿದ್ರೆ?"

"ನೀವಾ?"

ಭಾಮೈದ ನಕ್ಕುಬಿಟ್ಟ. ಅಣಕದ ನಗುವಲ್ಲ, ತಪ್ಪು ಮುಚ್ಚಿಕೊಳ್ಳುವ ನಗುವೂ ಅಲ್ಲ. ಚಿಕ್ಕ ಮಕ್ಕಳು ಇಲ್ಲದ ಮಾತು ಆಡಿದಾಗ ದೊಡ್ಡವರು ನಗುತ್ತಾರಲ್ಲ, ಅಂಥ ನಗು. "ನೀವು ಅಂಥವರಲ್ಲ ಬಿಡಿ ಭಾವ. ಅದು ನಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಎಲ್ಲಾ ಗೊತ್ತಿದ್ದೇ ಮಾಡಿದ್ದ. ಭಾವ ಮರುಮಾತಾಡದೆ ನಂಬುತ್ತಾನೆ, ಗೊತ್ತಾದ ಮೇಲೂ ರಂಪ ಮಾಡುವುದಿಲ್ಲ, ನಾಳೆ ಜಾಕೆಟ್ ಹಾಕಿಕೊಂಡು ನಿಂತರೆ ಅವನ ಕೈ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಇಷ್ಟನ್ನೂ ಲೆಕ್ಕಕ್ಕೆ ಹಿಡಿದೇ ಚಹಾದಂಗಡಿಯಲ್ಲಿ ಆ ಮಾತು ಆಡಿದ್ದ. ಕಳೆದ ತಿಂಗಳುಗಳಲ್ಲಿ ಪಟ್ಟ ನೋವೆಲ್ಲ ಒಂದು ಕಡೆ, ಈ ನಗು ಒಂದು ಕಡೆ. ತನ್ನ ಒಳ್ಳೆಯತನವನ್ನೇ ಇವರಿಬ್ಬರೂ ತನಗೆ ಅಡ್ಡಹಾಕಿ ಕೆಡವಿದರಲ್ಲ ಎಂದು ಅವನಿಗೆ ಅಲ್ಲೇ ಅಳಬೇಕೆನ್ನಿಸಿತು. ಅಳಲಿಲ್ಲ.

"ನಾನು ನಿಲ್ಲಲ್ಲ," ಎಂದ.

"ಹಾಗಂದ್ರೆ ಹೇಗೆ ಭಾವ? ಬೇರೆ ಎಲ್ಲಿಗೆ ಹೋಗ್ತೀರಿ?"

"ಗೊತ್ತಿಲ್ಲ."

ಭಾಮೈದನ ಮುಖ ಬಿಳಿಚಿಕೊಂಡಿತು. ಈಗ ನಿಜಕ್ಕೂ ಹೆದರಿದ್ದ, ಕಣ್ಣಲ್ಲಿ ನೀರೂ ಬಂತು. ಹಿಂಬದಿಯಲ್ಲಿ ಇಳಿಸಬೇಕಾದ ತೊಲೆಗಳು ಇನ್ನೂ ನೆಲದ ಮೇಲೆ ಮಲಗಿದ್ದವು. "ನೀವಿಲ್ಲ ಅಂದ್ರೆ ನಾನು ಯಾರನ್ನ ನಂಬ್ಕೊಂಡು ಕೆಲಸ ಮಾಡ್ಲಿ?"

ಭಾವ ಜಾಕೆಟ್ಟನ್ನು ತೆಗೆದುಕೊಂಡು, ಮಡಚಿ, ಅವನ ಹೆಗಲ ಮೇಲೆ ಹಾಕಿದ.

"ನಿಮ್ಮಕ್ಕನ್ನ ಕೇಳು," ಎಂದ. "ನಾನೂ ಅವಳನ್ನೇ ಕೇಳಿದ್ದೆ."

ಆಮೇಲೆ ಗೇಟಿನ ಕಡೆ ನಡೆದ. ಹಿಂದಿನಿಂದ ಭಾಮೈದ ಎರಡು ಸಲ ಭಾವ ಭಾವ ಎಂದು ಕರೆದದ್ದು ಕೇಳಿಸಿತು, ಅಷ್ಟರಲ್ಲಿ ಮ್ಯಾನೇಜರ್ ಅವನನ್ನು ಮೇಲೆ ಹತ್ತು ಎಂದು ಕೂಗುತ್ತಿದ್ದ.